ಪ್ರೈಮರಿಯಲ್ಲಿ ಓಟು ಯಾರಿಗೆ: ಪಕ್ಷದ ಹಳಬರಿಗೋ, ಪ್ರೊಗ್ರೆಸಿವ್‌ಗಳಿಗೋ?

ಊರಿನಲ್ಲಿದ್ದಾಗ ನಮಗೆ ಈ ಕೆಲಸ ಇರಲಿಲ್ಲ. ಟಿಕೆಟ್ ಯಾರಿಗೆ ಅನ್ನುವುದನ್ನು ಹೈಕಮಾಂಡ್ ತೀರ್ಮಾನ ಮಾಡುತ್ತಿತ್ತು. ಬಿ ಫಾರಂ ಯಾರ ಕೈ ಸೇರಿತು ಎಂದು ಟಿವಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ಅಮೆರಿಕದಲ್ಲಿ ಆ ಬಿ ಫಾರಂ ಕೊಡುವವರೇ ಮತದಾರರು. ಅದಕ್ಕೆಂದೇ ನಡೆಯುವ ಚುನಾವಣೆ ಪ್ರೈಮರಿ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಮೊದಲ ಸಲ ಡೆಮಾಕ್ರಟಿಕ್ ಪ್ರೈಮರಿಗೆ ಹೋದಾಗ ಬ್ಯಾಲೆಟ್‌ನಲ್ಲಿ ಒಂದು ಕಾಲಂ ಎದ್ದು ಕಾಣುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಹುದ್ದೆಗೂ ಅಲ್ಲಿ ಒಂದೊಂದು ಹೆಸರು. ಅದೇ ಸರಿಯಾದ ಕಾಲಂ ಎಂದುಕೊಂಡು ಪೂರ್ತಿ ಒತ್ತಿ ಬಂದೆ. ಆ ಕಾಲಂ ಅನ್ನು ಜೋಡಿಸಿದ್ದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಪಕ್ಷದ ನಾಯಕರು ಎಂದು ತಿಳಿದದ್ದು ಎಷ್ಟೋ ದಿನ ಆದ ಮೇಲೆ. ಅವರ ಬೆಂಬಲ ಇಲ್ಲದವರ ಹೆಸರು ಬ್ಯಾಲೆಟ್‌ನ ಮೂಲೆಯಲ್ಲಿ ಎಲ್ಲೋ ಇತ್ತು. ನಾನು ಆರಿಸಿದೆ ಅಂದುಕೊಂಡಿದ್ದೆ. ಆರಿಸಿದವರು ಬೇರೆಯೇ ಇದ್ದರು. ಅಂದಿನಿಂದ ಪ್ರತಿ ಪ್ರೈಮರಿಗೂ ಎರಡು ವಾರ ಮೊದಲೇ ಕೂತು ಓದುತ್ತೇನೆ. ಹಾಗೆ ಓದುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಹೆಸರುಗಳನ್ನು ಮೊದಲು ಬಿಡಿಸಿಕೊಳ್ಳೋಣ. ಪಕ್ಷದ ಹಿರಿಯರು, ಹಾಲಿ ನಾಯಕರು, ದೊಡ್ಡ ದೇಣಿಗೆದಾರರು ಬೆನ್ನಿಗೆ ನಿಂತ ಅಭ್ಯರ್ಥಿಗೆ ಎಸ್ಟಾಬ್ಲಿಷ್‌ಮೆಂಟ್ ಅಭ್ಯರ್ಥಿ ಅನ್ನುತ್ತಾರೆ. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ, ಶ್ರೀಮಂತರ ಮೇಲೆ ಜಾಸ್ತಿ ತೆರಿಗೆ, ಬಾಡಿಗೆಗೆ ಮಿತಿ, ಇದೆಲ್ಲ ಈಗಲೇ ಆಗಬೇಕು ಅನ್ನುವವರು ಪ್ರೊಗ್ರೆಸಿವ್‌ಗಳು. 2016ರಲ್ಲಿ ಅಧ್ಯಕ್ಷ ಸ್ಥಾನದ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಎದುರು ಪ್ರೊಗ್ರೆಸಿವ್ ಬರ್ನಿ ಸ್ಯಾಂಡರ್ಸ್ ನಿಂತಾಗಿನಿಂದ ಈ ಎರಡು ಬಣಗಳ ಪೈಪೋಟಿ ಹೆಚ್ಚು ಕಡಿಮೆ ಪ್ರತಿ ಪ್ರೈಮರಿಯಲ್ಲೂ ಕಾಣುತ್ತಿದೆ.

1. ಓಟಿನ ಹಕ್ಕು ಮತ್ತು ಗಡುವು ನೋಡಿಕೊಳ್ಳಿ

ಸಿಟಿಜನ್ ಆಗದವರು ಅಧ್ಯಕ್ಷರ ಚುನಾವಣೆಯಲ್ಲಾಗಲಿ, ಕಾಂಗ್ರೆಸ್ ಚುನಾವಣೆಯಲ್ಲಾಗಲಿ ಓಟು ಹಾಕುವಂತಿಲ್ಲ. (ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು.) ಗ್ರೀನ್ ಕಾರ್ಡ್ ಇದ್ದರೂ ಅಷ್ಟೇ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾ ಎಂದು ಕೇಳುತ್ತಾರೆ. ಸುಮ್ನೆ ಟಿಕ್ ಮಾಡಿಬಿಡಬೇಡಿ. ಮುಂದೆ ಸಿಟಿಜನ್‌ಶಿಪ್ ಅರ್ಜಿಗೆ ಅದು ಮುಳುವಾಗುತ್ತದೆ, ಗಡೀಪಾರಿನ ತನಕವೂ ಹೋಗಬಹುದು. ಹೊಸದಾಗಿ ಬಂದ ನಿಮ್ಮ ತಮ್ಮನಿಗೋ ನಾದಿನಿಗೋ ಇದನ್ನು ತಪ್ಪದೆ ಹೇಳಿ.

ಸಿಟಿಜನ್ ಆಗಿದ್ದರೆ ನಿಮ್ಮ ರಾಜ್ಯದ ನಿಯಮ ನೋಡಿ. ಒಂದೊಂದು ಕಡೆ ಒಂದೊಂದು ಥರ. ನ್ಯೂಯಾರ್ಕ್‌ನಲ್ಲಿ ಡೆಮಾಕ್ರಟ್ ಎಂದು ನೋಂದಾಯಿಸಿದವರು ಮಾತ್ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಓಟು ಹಾಕಬಹುದು. ಪಕ್ಷ ಬದಲಿಸಬೇಕಾದರೆ ಫೆಬ್ರವರಿ 14ರ ಒಳಗೆ ಅರ್ಜಿ ತಲುಪಬೇಕು. ಪ್ರೈಮರಿ ಇರುವುದು ಜೂನ್‌ನಲ್ಲಿ. ಪ್ರಚಾರ ಬಿಸಿಯಾಗುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಮತಗಟ್ಟೆಯಲ್ಲೇ ಪಕ್ಷ ಹೇಳಿ ಓಟು ಹಾಕಬಹುದು. ಮಿಶಿಗನ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಆದರೆ ಎರಡೂ ಪಕ್ಷದ ಕಾಲಂಗಳಲ್ಲಿ ಗುರುತು ಹಾಕಿದರೆ ಪಕ್ಷದ ಓಟು ಅಸಿಂಧು. ಕ್ಯಾಲಿಫೋರ್ನಿಯಾದಲ್ಲಿ ಕಾಂಗ್ರೆಸ್ ಸ್ಥಾನಗಳಿಗೆ ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ. ಮೊದಲ ಇಬ್ಬರು ನವೆಂಬರ್‌ನ ಅಂತಿಮ ಚುನಾವಣೆಗೆ ಹೋಗುತ್ತಾರೆ. ಹಾಗಾಗಿ ಅಲ್ಲಿ ಇಬ್ಬರು ಡೆಮಾಕ್ರಟ್‌ಗಳೇ ನವೆಂಬರ್‌ನಲ್ಲಿ ಎದುರುಬದುರು ನಿಲ್ಲಬಹುದು. ಕನ್ನಡಿಗರು ತುಂಬಾ ಇರುವ ಸನಿವೇಲ್, ಫ್ರೀಮಾಂಟ್ ಕಡೆಯ ಕ್ಷೇತ್ರದಲ್ಲಿ 2014 ಮತ್ತು 2016ರಲ್ಲಿ ಹಾಗೇ ಆಯಿತು. ಹಾಲಿ ಸದಸ್ಯ ಮೈಕ್ ಹೋಂಡಾ ಮೊದಲ ಸಲ ರೋ ಖನ್ನಾ ಅವರನ್ನು ಸೋಲಿಸಿದರು, ಎರಡನೇ ಸಲ ಸೋತರು.

2. ನಿಮ್ಮ ಕ್ಷೇತ್ರ ಎಂಥದ್ದು?

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಅಭ್ಯರ್ಥಿಗಳ ಮುಖ ನೋಡುವ ಮೊದಲೇ ಇದನ್ನು ಮುಗಿಸಬೇಕು. ಹಿಂದಿನ ಮೂರು ನವೆಂಬರ್ ಚುನಾವಣೆಗಳ ಫಲಿತಾಂಶ ತೆಗೆದು ನೋಡಿ. ನಿಮ್ಮ ಪಕ್ಷ ಪ್ರತಿ ಸಲ ಇಪ್ಪತ್ತು, ಮೂವತ್ತು ಪರ್ಸೆಂಟ್ ಅಂತರದಲ್ಲಿ ಗೆದ್ದಿದ್ದರೆ ಅದು ಗಟ್ಟಿ ಕ್ಷೇತ್ರ. ಎರಡು ಮೂರು ಪರ್ಸೆಂಟ್‌ನಲ್ಲಿ ಆ ಕಡೆ ಈ ಕಡೆ ವಾಲುತ್ತಿದ್ದರೆ ತೂಗುಯ್ಯಾಲೆ ಕ್ಷೇತ್ರ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು.

ನಮ್ಮ ಮನೆಯಲ್ಲಿ ಈ ಜಗಳ ಪ್ರತಿ ಪ್ರೈಮರಿಗೂ ಇದ್ದದ್ದೇ. ಕಾಲೇಜಿಗೆ ಹೋಗುವ ಮಗಳು ಹೇಳುತ್ತಾಳೆ, "ಅಪ್ಪಾ, ನೀವು ಯಾವಾಗಲೂ ಹೆದರಿಕೊಂಡೇ ಓಟು ಹಾಕ್ತೀರ." ನಾನು ಹೇಳುತ್ತೇನೆ, "ಗೆಲ್ಲದಿದ್ದರೆ ಒಳ್ಳೆಯವರಿದ್ದು ಏನು ಬಂತಮ್ಮ?" ಇಬ್ಬರ ಮಾತೂ ನಿಜ. ಅವಳದ್ದು ಗಟ್ಟಿ ಕ್ಷೇತ್ರದಲ್ಲಿ ನಿಜ, ನನ್ನದು ತೂಗುಯ್ಯಾಲೆ ಕ್ಷೇತ್ರದಲ್ಲಿ ನಿಜ. ಇದು ಹೊಳೆದ ಮೇಲೆ ನಮ್ಮ ಜಗಳ ಅರ್ಧಕ್ಕೆ ಇಳಿಯಿತು.

ಗಟ್ಟಿ ಕ್ಷೇತ್ರಕ್ಕೆ ಒಂದು ಉದಾಹರಣೆ ನ್ಯೂಯಾರ್ಕ್‌ನ 14ನೇ ಕ್ಷೇತ್ರ. ಕ್ವೀನ್ಸ್ ಮತ್ತು ಬ್ರಾಂಕ್ಸ್‌ನ ಭಾಗಗಳು ಅದರಲ್ಲಿವೆ. ಜೋ ಕ್ರೌಲಿ ಹತ್ತು ಸಲ ಗೆದ್ದಿದ್ದರು. ಸದನದಲ್ಲಿ ಪಕ್ಷದ ನಾಲ್ಕನೇ ದೊಡ್ಡ ನಾಯಕ. 2004ರ ನಂತರ ಪ್ರೈಮರಿಯಲ್ಲಿ ಅವರ ಎದುರು ಯಾರೂ ನಿಂತಿರಲೇ ಇಲ್ಲ. 2018ರ ಜೂನ್ 26ರಂದು 28 ವರ್ಷದ ಪ್ರೊಗ್ರೆಸಿವ್ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಕ್ರೌಲಿಯನ್ನು ಸೋಲಿಸಿದರು. ಏಳು ಲಕ್ಷ ಜನ ಇರುವ ಆ ಕ್ಷೇತ್ರದಲ್ಲಿ ಅವತ್ತು ಬಿದ್ದದ್ದು ಸುಮಾರು 30 ಸಾವಿರ ಓಟು. ಅಂತರ ಸುಮಾರು 4 ಸಾವಿರ. ನವೆಂಬರ್‌ನಲ್ಲಿ ಅವರು ಸಲೀಸಾಗಿ ಗೆದ್ದರು. ಇಂಥ ಕಡೆ ಪ್ರೈಮರಿಯೇ ನಿಜವಾದ ಚುನಾವಣೆ. "ಇವರು ನಿಂತರೆ ಪಕ್ಷ ಸೋಲುತ್ತದೆ" ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮನಸ್ಸಿಗೆ ಒಪ್ಪಿದವರಿಗೆ ಧೈರ್ಯವಾಗಿ ಹಾಕಿ. ಅವರು ಎಸ್ಟಾಬ್ಲಿಷ್‌ಮೆಂಟ್ ಆಗಿರಲಿ, ಪ್ರೊಗ್ರೆಸಿವ್ ಆಗಿರಲಿ.

ಇನ್ನೊಂದು ಬಗೆಗೆ ಆರೆಗಾನ್‌ನ 5ನೇ ಕ್ಷೇತ್ರ ನೋಡಿ. 2022ರಲ್ಲಿ ಹಾಲಿ ಸದಸ್ಯ ಕರ್ಟ್ ಶ್ರೇಡರ್‌ಗೆ ಅಧ್ಯಕ್ಷ ಬೈಡನ್ ಅವರ ಬೆಂಬಲವೇ ಇತ್ತು. ಪ್ರೊಗ್ರೆಸಿವ್‌ಗಳ ಬೆಂಬಲದ ಜೇಮಿ ಮೆಕ್ಲಿಯೋಡ್-ಸ್ಕಿನ್ನರ್ ಪ್ರೈಮರಿಯಲ್ಲಿ ಶ್ರೇಡರ್ ಅವರನ್ನೇ ಸೋಲಿಸಿದರು. ನವೆಂಬರ್‌ನಲ್ಲಿ ರಿಪಬ್ಲಿಕನ್ ಲೋರಿ ಚಾವೆಜ್-ಡಿರೀಮರ್ ಎದುರು ಸುಮಾರು ಎರಡು ಪರ್ಸೆಂಟ್‌ನಲ್ಲಿ ಸೋತರು. 2024ರಲ್ಲಿ ಪಕ್ಷ ಜನೆಲ್ ಬೈನಮ್ ಅವರ ಹಿಂದೆ ನಿಂತಿತು. ಅವರು ಪ್ರೈಮರಿಯನ್ನೂ ಗೆದ್ದರು, ನವೆಂಬರ್ ಅನ್ನೂ ಗೆದ್ದರು. ಅದಕ್ಕೆ ಒಂದು ಕಾರಣ ಕಣ್ಣೆದುರೇ ಇತ್ತು. ರಾಜ್ಯದ ಶಾಸನಸಭೆ ಚುನಾವಣೆಯಲ್ಲಿ ಇದೇ ಚಾವೆಜ್-ಡಿರೀಮರ್ ಅವರನ್ನು ಬೈನಮ್ ಎರಡು ಸಲ ಸೋಲಿಸಿದ್ದರು.

ಹಾಗಂತ ಎಸ್ಟಾಬ್ಲಿಷ್‌ಮೆಂಟ್ ಅಭ್ಯರ್ಥಿಯೇ ಗೆಲ್ಲುತ್ತಾರೆ ಎಂದು ಬರೆದಿಟ್ಟುಕೊಳ್ಳಬೇಡಿ. 2020ರಲ್ಲಿ ಕೆಂಟಕಿಯ ಸೆನೆಟ್ (ಮೇಲ್ಮನೆ) ಪ್ರೈಮರಿಯಲ್ಲಿ ಪಕ್ಷದ ನಾಯಕರು ಏಮಿ ಮೆಕ್‌ಗ್ರಾತ್ ಅವರನ್ನು ಮುಂದೆ ತಂದರು. ಪ್ರೊಗ್ರೆಸಿವ್ ಚಾರ್ಲ್ಸ್ ಬುಕರ್ ಸ್ವಲ್ಪದರಲ್ಲಿ ಸೋತರು. ಮೆಕ್‌ಗ್ರಾತ್ ಕೋಟಿಗಟ್ಟಲೆ ಡಾಲರ್ ಸಂಗ್ರಹಿಸಿದರು. ನವೆಂಬರ್‌ನಲ್ಲಿ ರಿಪಬ್ಲಿಕನ್ ಮಿಚ್ ಮೆಕಾನಲ್ ಎದುರು ಸುಮಾರು ಇಪ್ಪತ್ತು ಪರ್ಸೆಂಟ್ ಅಂತರದಲ್ಲಿ ಸೋತರು. "ಗೆಲ್ಲುವ ಅಭ್ಯರ್ಥಿ" ಅನ್ನುವ ಮಾತು ಕೇಳಿದಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಎಲ್ಲಿ ಗೆದ್ದಿದ್ದಾರೆ, ಯಾರ ಎದುರು ಗೆದ್ದಿದ್ದಾರೆ? ಬೈನಮ್ ಅವರ ಹತ್ತಿರ ಇದಕ್ಕೆ ಉತ್ತರ ಇತ್ತು.

3. ಹಣೆಪಟ್ಟಿ ಕಿತ್ತು ನೋಡಿ

ಹಣೆಪಟ್ಟಿ ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಮಿಶಿಗನ್‌ನ 2018ರ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಪ್ರೈಮರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದರಲ್ಲಿ ನಮ್ಮ ಕಡೆಯವರೂ ಒಬ್ಬರಿದ್ದರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್.

ಮೂವರು ಅಭ್ಯರ್ಥಿಗಳು. ಗ್ರೆಚೆನ್ ವಿಟ್ಮರ್‌ಗೆ ಪಕ್ಷದ ಹಿರಿಯರ, ದೊಡ್ಡ ಕಾರ್ಮಿಕ ಸಂಘಗಳ ಬೆಂಬಲ. ವೈದ್ಯ ಅಬ್ದುಲ್ ಎಲ್-ಸಯೀದ್‌ಗೆ ಸ್ಯಾಂಡರ್ಸ್ ಬೆಂಬಲ. ಉದ್ಯಮಿ ಥಾಣೇದಾರ್ ಸ್ವಂತ ದುಡ್ಡು ಸುರಿದು, ತಾನೂ ಪ್ರೊಗ್ರೆಸಿವ್ ಎಂದೇ ಪ್ರಚಾರ ಮಾಡಿದರು. ವಿಟ್ಮರ್ ಸುಮಾರು 52 ಪರ್ಸೆಂಟ್ ತೆಗೆದುಕೊಂಡು ಗೆದ್ದರು. ಎಲ್-ಸಯೀದ್‌ಗೆ ಸುಮಾರು 30. ಥಾಣೇದಾರ್ ಮೂರನೆಯವರಾದರು. ವಿಟ್ಮರ್ ಮಾತಾಡಿದ್ದು ಜಾಸ್ತಿ ರಸ್ತೆಗಳ ಬಗ್ಗೆ. ಹಾಳು ರಸ್ತೆ ಸರಿ ಮಾಡೋಣ ಅನ್ನುವುದೇ ಅವರ ಘೋಷಣೆ. ಇದರಲ್ಲಿ ದೊಡ್ಡ ಬದಲಾವಣೆ ಎಲ್ಲಿದೆ ಎಂದು ಪ್ರೊಗ್ರೆಸಿವ್‌ಗಳು ಕೇಳಿದ್ದರು.

ಆಮೇಲೆ ಏನಾಯಿತು ನೋಡಿ. 2022ರಲ್ಲಿ ಮಿಶಿಗನ್‌ನ ಎರಡೂ ಸದನಗಳು ಡೆಮಾಕ್ರಟ್‌ಗಳ ಕೈಗೆ ಬಂದವು. ಸುಮಾರು ನಲವತ್ತು ವರ್ಷಕ್ಕೆ ಮೊದಲ ಸಲ ಸದನಗಳೂ ಗವರ್ನರ್ ಹುದ್ದೆಯೂ ಒಟ್ಟಿಗೆ ಸಿಕ್ಕಿದ್ದವು. 2023ರಲ್ಲಿ ಇದೇ ವಿಟ್ಮರ್ ಕಾರ್ಮಿಕ ಸಂಘಗಳ ಕೈ ಕಟ್ಟಿಹಾಕಿದ್ದ ಹಳೆಯ ಕಾನೂನನ್ನು ರದ್ದು ಮಾಡುವ ಮಸೂದೆಗೆ ಸಹಿ ಹಾಕಿದರು. 2040ರೊಳಗೆ ವಿದ್ಯುತ್ತೆಲ್ಲ ಶುದ್ಧ ಮೂಲದಿಂದ ಬರಬೇಕು ಅನ್ನುವ ಕಾನೂನಿಗೂ ಸಹಿ ಹಾಕಿದರು. ಸರ್ಕಾರಿ ಶಾಲೆಯ ಮಕ್ಕಳೆಲ್ಲರಿಗೂ ಉಚಿತ ಊಟ ಬಂತು. ಪ್ರೊಗ್ರೆಸಿವ್‌ಗಳು ಎಷ್ಟೋ ವರ್ಷದಿಂದ ಕೇಳುತ್ತಿದ್ದ ಕೆಲಸಗಳೇ ಇವು. ಆದರೆ ಸರ್ಕಾರಿ ಆರೋಗ್ಯ ವಿಮೆಯ ವಿಷಯದಲ್ಲಿ ಎಲ್-ಸಯೀದ್ ಕೇಳಿದ್ದು ಆಗಲಿಲ್ಲ, ಅದೂ ನಿಜ. ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನಿಂದ ಕಾಂಗ್ರೆಸ್‌ಗೆ ಆರಿಸಿ ಬಂದರು. ಇವತ್ತು ಅಲ್ಲಿ ಪ್ರೊಗ್ರೆಸಿವ್‌ಗಳು ಅವರನ್ನೇ ಹಳೆ ವ್ಯವಸ್ಥೆಯವರು ಅನ್ನುತ್ತಾರೆ.

ಅದಕ್ಕೇ ನಾನು ಒಂದು ಹಾಳೆ ತೆಗೆದುಕೊಂಡು ನನಗೆ ಬೇಕಾದ ಮೂರು ವಿಷಯ ಬರೆಯುತ್ತೇನೆ. ಮೂರೇ. ನನ್ನ ಹಾಳೆಯಲ್ಲಿ ವಲಸೆ, ಆರೋಗ್ಯ ವಿಮೆಯ ಖರ್ಚು, ಶಾಲೆ ಇರುತ್ತವೆ. ನಿಮ್ಮದು ಬೇರೆ ಇರಬಹುದು. ಒಂದೊಂದಕ್ಕೂ ಅಭ್ಯರ್ಥಿ ಏನು ಮಾಡುತ್ತೇನೆ ಎಂದಿದ್ದಾರೆ, ಇಲ್ಲಿಯವರೆಗೆ ಏನು ಮಾಡಿದ್ದಾರೆ ಎಂದು ಎರಡು ಸಾಲು. ಎಷ್ಟೋ ಸಲ "ಮಾಡಿದ್ದು" ಅನ್ನುವ ಜಾಗ ಖಾಲಿ ಉಳಿಯುತ್ತದೆ.

4. ದಾಖಲೆ ಓದುವುದು ಹೇಗೆ

ಹಾಲಿ ಸದಸ್ಯರಾದರೆ ಕಾಂಗ್ರೆಸ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಅವರ ಪ್ರತಿ ಓಟು, ಅವರು ತಂದ ಪ್ರತಿ ಮಸೂದೆ ಸಿಗುತ್ತದೆ. ಮಸೂದೆಗೆ ಹೆಸರು ಸೇರಿಸುವುದು ಸುಲಭ. ಅದನ್ನು ಪಾಸ್ ಮಾಡಿಸುವುದು ಬೇರೆಯೇ ಕೆಲಸ. ನಮ್ಮವರ ಮನೆಮನೆಯ ಸಂಕಟವನ್ನೇ ತೆಗೆದುಕೊಳ್ಳಿ, ಗ್ರೀನ್ ಕಾರ್ಡ್ ಸಾಲು. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ 7 ಪರ್ಸೆಂಟ್ ಎಂಬ ಮಿತಿ ಇದೆ. ಅದನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65 ಓಟಿನಿಂದ ಪಾಸಾಯಿತು. ಮುಂದೆ ನಿಂತು ತಂದವರು ಸ್ಯಾನ್ ಹೋಸೆ ಕಡೆಯ ಜೋ ಲಾಫ್ಗ್ರೆನ್. 1995ರಿಂದ ಸದನದಲ್ಲಿದ್ದವರು, ವಲಸೆ ಕಾನೂನು ಅರೆದು ಕುಡಿದವರು. ಯಾವ ಲೆಕ್ಕದಲ್ಲಿ ನೋಡಿದರೂ ಹಳಬರು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದಲ್ಲಿ ಪಾಸ್ ಮಾಡಿತು. ಎರಡೂ ಮನೆ ಒಂದೇ ರೂಪಕ್ಕೆ ಒಪ್ಪುವ ಮೊದಲೇ ಆ ಅವಧಿ ಮುಗಿಯಿತು. ಅಷ್ಟು ಜನ ಕಾಯುತ್ತಿದ್ದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಇಂಥ ಕೆಲಸಕ್ಕೆ ಅನುಭವ ಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅನುಭವ ಒಂದೇ ಸಾಲದು ಅನ್ನುವುದೂ ಗೊತ್ತಾಗುತ್ತದೆ.

ಹೊಸಬರಾದರೆ ಸದನದ ದಾಖಲೆ ಇರುವುದಿಲ್ಲ. ಆಗ ಬೇರೆ ಕಡೆ ಹುಡುಕಿ. ಸಿಟಿ ಕೌನ್ಸಿಲ್, ಶಾಲಾ ಮಂಡಳಿ, ಕಾರ್ಮಿಕ ಸಂಘ, ಬಾಡಿಗೆದಾರರ ಸಂಘ, ಎಲ್ಲಾದರೂ ಒಂದು ಕೆಲಸ ಹಿಡಿದು ಮುಗಿಸಿದ್ದಾರಾ? ಬರೀ ವಿಡಿಯೊ ಚೆನ್ನಾಗಿದೆ ಎಂದು ಓಟು ಕೊಡಬೇಡಿ. ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಜನರ ಮುಂದೆ ಬರುತ್ತಾರಾ? 2018ರಲ್ಲಿ ಕ್ರೌಲಿ ಒಂದು ಚರ್ಚೆಗೆ ತಾವು ಬರದೆ ತಮ್ಮ ಪರವಾಗಿ ಬೇರೊಬ್ಬರನ್ನು ಕಳಿಸಿದ್ದರು. ಕ್ಷೇತ್ರದ ಜನ ಅದನ್ನು ಮರೆಯಲಿಲ್ಲ.

ಹಾಲಿ ಸದಸ್ಯರ ಕಚೇರಿಗೆ ಒಂದು ಫೋನ್ ಮಾಡಿ ನೋಡಿ. ವಲಸೆ ಇಲಾಖೆಯಲ್ಲಿ ಅರ್ಜಿ ಸಿಕ್ಕಿಕೊಂಡಿದ್ದರೆ, ಪಾಸ್‌ಪೋರ್ಟ್ ತಡವಾಗಿದ್ದರೆ ವಿಚಾರಿಸಿ ಕೊಡುವುದು ಅವರ ಕಚೇರಿಯ ಕೆಲಸ. ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕು, ಇದಕ್ಕೆ ಸಿಟಿಜನ್ ಆಗಿರಬೇಕಿಲ್ಲ. ಯಾರು ತಿರುಗಿ ಫೋನ್ ಮಾಡುತ್ತಾರೆ ಅನ್ನುವುದರಲ್ಲಿ ಬಹಳಷ್ಟು ಗೊತ್ತಾಗುತ್ತದೆ.

5. ದುಡ್ಡು ಎಲ್ಲಿಂದ ಬಂತು

ಕೇಂದ್ರ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅಭ್ಯರ್ಥಿಯ ಹೆಸರು ಹಾಕಿ. ಒಟ್ಟು 200 ಡಾಲರ್‌ಗಿಂತ ಹೆಚ್ಚು ಕೊಟ್ಟ ಪ್ರತಿಯೊಬ್ಬರ ಹೆಸರೂ ಕಾಣುತ್ತದೆ. 2025–26ರಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾದ ಮಿತಿ 3,500 ಡಾಲರ್. ಆದರೆ ಸೂಪರ್ ಪ್ಯಾಕ್ ಎಂಬ ಹೊರಗಿನ ಸಂಘಟನೆಗಳಿಗೆ ಮಿತಿಯೇ ಇಲ್ಲ. ನಿಜವಾದ ಹೊಳೆ ಹರಿಯುವುದು ಅಲ್ಲಿ.

2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನ 16ನೇ ಕ್ಷೇತ್ರದಲ್ಲಿ ಪ್ರೊಗ್ರೆಸಿವ್ ಹಾಲಿ ಸದಸ್ಯ ಜಮಾಲ್ ಬೋಮನ್ ಅವರು ಜಾರ್ಜ್ ಲ್ಯಾಟಿಮರ್ ಎದುರು ಸೋತರು. ಇಸ್ರೇಲ್ ಪರ ಲಾಬಿ ಸಂಸ್ಥೆಯಾದ ಐಪ್ಯಾಕ್‌ನ ಸೂಪರ್ ಪ್ಯಾಕ್ ಅಲ್ಲಿ 1.4 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿತು. ಆದರೆ ಜಾಹೀರಾತುಗಳಲ್ಲಿ ಜಾಸ್ತಿ ಕಂಡದ್ದು ಇಸ್ರೇಲ್ ಅಲ್ಲ. 2021ರಲ್ಲಿ ಬೈಡನ್ ಅವರ ಮೂಲಸೌಕರ್ಯ ಮಸೂದೆಗೆ ಬೋಮನ್ ವಿರೋಧ ಓಟು ಹಾಕಿದ್ದರು ಎಂಬ ವಿಷಯ. ಆ ಓಟು ನಿಜ. ಹಾಗೆ ಮಾಡಿದ ಆರು ಡೆಮಾಕ್ರಟ್‌ಗಳಲ್ಲಿ ಅವರೂ ಒಬ್ಬರು. ಅದರ ಜೊತೆಗೇ ಬರಬೇಕಿದ್ದ ಸಾಮಾಜಿಕ ಯೋಜನೆಗಳ ಮಸೂದೆಯನ್ನು ಬೇರೆ ಮಾಡಿದ್ದು ಅವರ ಆಕ್ಷೇಪವಾಗಿತ್ತು. ಇಂಥ ಜಾಹೀರಾತು ಬಂದಾಗ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರು ಓದಿ, ಅದು ಯಾರದ್ದು ಎಂದು ಹುಡುಕಿ. ಆಮೇಲೆ ಜಾಹೀರಾತಿನಲ್ಲಿ ಹೇಳಿದ್ದು ನಿಜವಾ ಎಂದೂ ಹುಡುಕಿ. ದುಡ್ಡು ಯಾರದ್ದು ಅನ್ನುವುದು ಒಂದು ಪ್ರಶ್ನೆ, ಮಾತು ನಿಜವಾ ಅನ್ನುವುದು ಇನ್ನೊಂದು. ಎರಡನ್ನೂ ಕಲಸಿಬಿಟ್ಟರೆ ನಾವೇ ಏಮಾರುತ್ತೇವೆ.

6. ಓಟು ಒಡೆಯುತ್ತದಾ, ಲೆಕ್ಕ ಹಾಕಿ

ಕಣದಲ್ಲಿ ಇಬ್ಬರೇ ಇದ್ದರೆ ಈ ಹೆಜ್ಜೆ ಬಿಟ್ಟುಬಿಡಿ. ಐದಾರು ಜನ ಇದ್ದರೆ ಬಿಡಬೇಡಿ. 2022ರಲ್ಲಿ ನ್ಯೂಯಾರ್ಕ್‌ನ 10ನೇ ಕ್ಷೇತ್ರದಲ್ಲಿ ಪ್ರೊಗ್ರೆಸಿವ್ ಓಟು ಹಲವರಲ್ಲಿ ಹಂಚಿಹೋಯಿತು. ಡ್ಯಾನ್ ಗೋಲ್ಡ್‌ಮನ್ ಸುಮಾರು 26 ಪರ್ಸೆಂಟ್‌ಗೇ ಗೆದ್ದರು. ಥಾಣೇದಾರ್ ಅವರೂ ಅದೇ ವರ್ಷ ಒಂಬತ್ತು ಜನರ ಪ್ರೈಮರಿಯಲ್ಲಿ ಸುಮಾರು 28 ಪರ್ಸೆಂಟ್‌ನಿಂದ ಗೆದ್ದವರು. ಇಂಥ ಕಡೆ ನಿಮಗೆ ಇಷ್ಟವಾದವರು ನಾಲ್ಕನೇ ಸ್ಥಾನದಲ್ಲಿದ್ದರೆ ಎರಡನೇ ಇಷ್ಟದವರಿಗೆ ಹಾಕುವುದನ್ನು ಯೋಚಿಸಿ. ಅದರಲ್ಲಿ ತಪ್ಪೇನೂ ಇಲ್ಲ.

ನ್ಯೂಯಾರ್ಕ್ ನಗರದ ಮೇಯರ್ ಪ್ರೈಮರಿಯಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ಐದು ಜನರವರೆಗೆ ಒಂದು, ಎರಡು, ಮೂರು ಎಂದು ಕ್ರಮ ಹಾಕಬಹುದು. ನಿಮ್ಮ ಒಂದನೆಯವರು ಎಣಿಕೆಯಲ್ಲಿ ಹೊರಬಿದ್ದರೆ ಓಟು ನಿಮ್ಮ ಎರಡನೆಯವರಿಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಪ್ರೊಗ್ರೆಸಿವ್‌ಗಳಾದ ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ನನಗೆ ಒಂದು, ಅವರಿಗೆ ಎರಡು ಎಂದು ಪರಸ್ಪರ ಓಟು ಕೇಳಿದರು. ಕೊನೆಯ ಸುತ್ತಿನಲ್ಲಿ ಮಾಜಿ ಗವರ್ನರ್ ಆಂಡ್ರೂ ಕ್ವೋಮೊ ಎದುರು ಮಮ್ದಾನಿ ಸುಮಾರು 56 ಪರ್ಸೆಂಟ್‌ನಿಂದ ಗೆದ್ದರು. ಆದರೆ ಅದೇ ನಗರದಲ್ಲಿ ಕಾಂಗ್ರೆಸ್ ಪ್ರೈಮರಿಗೆ ಈ ಕ್ರಮ ಇಲ್ಲ, ಒಂದೇ ಗುರುತು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಟೆಕ್ಸಸ್‌ನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಗದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. 2022ರಲ್ಲಿ 28ನೇ ಕ್ಷೇತ್ರದಲ್ಲಿ ಹಾಲಿ ಸದಸ್ಯ ಹೆನ್ರಿ ಕ್ವೆಯಾರ್, ಪ್ರೊಗ್ರೆಸಿವ್ ಜೆಸಿಕಾ ಸಿಸ್ನೆರೋಸ್ ಎರಡನೇ ಸುತ್ತಿಗೆ ಹೋದರು. ಗೆದ್ದದ್ದು ಕ್ವೆಯಾರ್. ಮರುಎಣಿಕೆ ಆದ ಮೇಲೆ ಅಂತರ 289 ಓಟು. ನಮ್ಮ ಕನ್ನಡ ಸಂಘದ ಯುಗಾದಿ ಊಟಕ್ಕೆ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ.

7. ಬ್ಯಾಲೆಟ್ ಅನ್ನು ಕೊನೆಯ ಸಾಲಿನವರೆಗೆ ಓದಿ

ನ್ಯೂಜೆರ್ಸಿಯಲ್ಲಿ ಮಾದರಿ ಬ್ಯಾಲೆಟ್ ಮನೆಗೆ ಬರುತ್ತದೆ, ಕೌಂಟಿಯ ವೆಬ್‌ಸೈಟಿನಲ್ಲೂ ಸಿಗುತ್ತದೆ. ಅಡುಗೆಮನೆಯ ಟೇಬಲ್ ಮೇಲೆ ಇಟ್ಟು ಎಲ್ಲರೂ ಕೂತು ನೋಡಿ.

ನಾನು ಮೊದಲ ಸಲ ಕಣ್ಣು ಮುಚ್ಚಿ ಒತ್ತಿದ ಆ ಕಾಲಂ ಈಗ ಇಲ್ಲ. ಅದಕ್ಕೆ ಕೌಂಟಿ ಲೈನ್ ಅನ್ನುತ್ತಿದ್ದರು. ನ್ಯೂಜೆರ್ಸಿಯ 21 ಕೌಂಟಿಗಳಲ್ಲಿ 19 ಇದನ್ನು ಬಳಸುತ್ತಿದ್ದವು. 2024ರ ಸೆನೆಟ್ ಪ್ರೈಮರಿಯಲ್ಲಿ ದೊಡ್ಡ ಕೌಂಟಿಗಳ ನಾಯಕರು ಆಗಿನ ಗವರ್ನರ್ ಅವರ ಪತ್ನಿ ಟ್ಯಾಮಿ ಮರ್ಫಿ ಪರ ನಿಂತರು. ಎದುರಾಳಿ ಆಂಡಿ ಕಿಮ್ ಕೋರ್ಟಿಗೆ ಹೋದರು. ಮಾರ್ಚ್‌ನಲ್ಲಿ ಮರ್ಫಿ ಕಣದಿಂದ ಹಿಂದೆ ಸರಿದರು. ಕೆಲವೇ ದಿನಗಳಲ್ಲಿ ಫೆಡರಲ್ ನ್ಯಾಯಾಧೀಶರು ಡೆಮಾಕ್ರಟಿಕ್ ಪ್ರೈಮರಿಗೆ ಆ ಬ್ಯಾಲೆಟ್ ಬಳಸದಂತೆ ಆದೇಶ ಕೊಟ್ಟರು. ಈಗ ಒಂದು ಹುದ್ದೆಗೆ ನಿಂತವರೆಲ್ಲರ ಹೆಸರೂ ಒಂದೇ ಚೌಕದಲ್ಲಿ ಬರುತ್ತದೆ. ಕಿಮ್ ಇವತ್ತು ಸೆನೆಟರ್. ಇದರಲ್ಲೂ ಒಂದು ವಿಶೇಷ ಇದೆ. ಕಿಮ್ ಆಗಲೇ ಮೂರು ಸಲ ಕಾಂಗ್ರೆಸ್‌ಗೆ ಗೆದ್ದಿದ್ದವರು, ಸ್ಯಾಂಡರ್ಸ್ ಬಣದವರೂ ಅಲ್ಲ. ಆದರೂ ಹಳೆ ವ್ಯವಸ್ಥೆಯ ಆ ಗೋಡೆ ಒಡೆದವರು ಅವರೇ.

ಬ್ಯಾಲೆಟ್‌ನ ಕೆಳಗಡೆ ನೋಡಿ. ಕೌಂಟಿ ಸಮಿತಿ ಸದಸ್ಯ ಎಂಬ ಒಂದು ಹುದ್ದೆ ಇರುತ್ತದೆ. ನಿಮ್ಮ ನಾಲ್ಕಾರು ಬೀದಿಗಳ ಮತಗಟ್ಟೆಗೆ ಇಬ್ಬರು. ಕೌಂಟಿಯಲ್ಲಿ ಪಕ್ಷದ ಅಧ್ಯಕ್ಷರು ಯಾರು ಎಂದು ಆರಿಸುವುದು ಈ ಸದಸ್ಯರೇ. ಅಂದರೆ ಇಲ್ಲಿನ ಹೈಕಮಾಂಡ್‌ನ ಮೊದಲ ಮೆಟ್ಟಿಲು ನಿಮ್ಮ ಬೀದಿಯಲ್ಲೇ ಇದೆ. ಆ ಹುದ್ದೆಗೆ ನಿಲ್ಲಲು ಬೇಕಾದ ಸಹಿಗಳನ್ನು ಒಂದು ಸಂಜೆ ವಾಕಿಂಗ್ ಹೋಗಿ ಅಕ್ಕಪಕ್ಕದವರಿಂದ ಪಡೆದುಕೊಂಡು ಬರಬಹುದು. ಎಷ್ಟೋ ಕಡೆ ಆ ಚೌಕದಲ್ಲಿ ಒಂದೇ ಹೆಸರು ಇರುತ್ತದೆ. ಕಳೆದ ಸಲ ನಮ್ಮ ಬೀದಿಯ ಚೌಕದಲ್ಲಿ ಯಾರ ಹೆಸರೂ ಇರಲಿಲ್ಲ. ಮಗಳು ಅದರ ಮೇಲೆ ಬೆರಳಿಟ್ಟು, "ಅಪ್ಪಾ, ಇದಕ್ಕೆ ಯಾರೂ ನಿಂತಿಲ್ವಾ?" ಎಂದು ಕೇಳಿದಳು. ಅರ್ಜಿ ಕೊಡುವ ದಿನಾಂಕವನ್ನು ಇಬ್ಬರೂ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಂಡಿದ್ದೇವೆ.